ಗಯಟೆಯ 8 ಸಾಲಿನ ಕವಿತೆ: ಇದಕ್ಕೆ ಛಂದಸ್ಸು ಇದೆಯಾ, ಇಲ್ವಾ?

ನಡುಮನೆ:

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಜರ್ಮನ್ ಕಲಿಯುತ್ತಿದ್ದೇನೆ. ಬರುವ ಶನಿವಾರ ತರಗತಿಯಲ್ಲಿ ಒಬ್ಬೊಬ್ಬರೂ ಒಂದು ಕವಿತೆ ಬಾಯಿಪಾಠ ಒಪ್ಪಿಸಬೇಕು. ಆಮೇಲೆ ಅದರ ಲಯ, ಪ್ರಾಸದ ಬಗ್ಗೆ ಐದು ನಿಮಿಷ ಮಾತಾಡಬೇಕು. ನಾನು ಗಯಟೆಯ 'ವಾಂಡ್ರರ್ಸ್ ನಾಖ್ಟ್‌ಲೀಡ್' ಆರಿಸಿಕೊಂಡೆ. ದಾರಿಹೋಕನ ಇರುಳ ಹಾಡು ಅಂತ ಅರ್ಥ. ಇಡೀ ಕವಿತೆಯಲ್ಲಿ ಇರುವುದು 24 ಪದ. ಇದು:

ಯೂಬರ್ ಆಲೆನ್ ಗಿಪ್ಫೆಲ್ನ್
ಇಸ್ಟ್ ರೂ,
ಇನ್ ಆಲೆನ್ ವಿಪ್ಫೆಲ್ನ್
ಷ್ಪ್ಯೂರೆಸ್ಟ್ ಡೂ
ಕೌಮ್ ಐನೆನ್ ಹೌಖ್;
ದೀ ಫ್ಯೋಗೆಲೈನ್ ಷ್ವೈಗೆನ್ ಇಮ್ ವಾಲ್ಡೆ.
ವಾರ್ಟೆ ನೂರ್, ಬಾಲ್ಡೆ
ರೂಎಸ್ಟ್ ಡೂ ಔಖ್.

ಎಲ್ಲ ಬೆಟ್ಟದ ತುದಿಗಳ ಮೇಲೆ ನೆಮ್ಮದಿ ಇದೆ. ಎಲ್ಲ ಮರದ ತುದಿಗಳಲ್ಲಿ ಒಂದು ಉಸಿರಿನಷ್ಟು ಗಾಳಿಯೂ ನಿನಗೆ ತಿಳಿಯದು. ಕಾಡಿನಲ್ಲಿ ಪುಟ್ಟ ಹಕ್ಕಿಗಳು ಸುಮ್ಮನಿವೆ. ತಾಳು, ಬೇಗನೆ ನಿನಗೂ ನೆಮ್ಮದಿ. ಅರ್ಥ ಇಷ್ಟೇ.

ತೊಂದರೆ ಛಂದಸ್ಸಿನದು. ಸಾಲಿಗೆ ಎಷ್ಟು ಅಕ್ಷರ ಅಂತ ಬೆರಳು ಮಡಚಿ ಎಣಿಸಿದೆ. 6, 2, 5, 3, 4, 9, 5, 4. ಮಾತ್ರೆ ಹಾಕಿ ನೋಡಿದೆ, ಅದೂ ಕೂಡಲಿಲ್ಲ. ಷಟ್ಪದಿ ಬಿಡಿ, ರಗಳೆಯಷ್ಟು ಕಟ್ಟೂ ಕಾಣುತ್ತಿಲ್ಲ. ಆದರೆ ಜೋರಾಗಿ ಓದಿದರೆ ಎಲ್ಲೂ ಎಡವುವುದಿಲ್ಲ. ಇದು ಹೇಗೆ? ಪ್ರಾಸ ಇರುವ ಗದ್ಯ ಅಂತ ಹೇಳಿಬಿಡಲಾ?

ಸಂಜೆಮಲ್ಲಿಗೆ:

ಗದ್ಯ ಅಂತ ಮಾತ್ರ ಹೇಳಬೇಡಿ. ಓದಿ ಮೈ ಜುಮ್ ಅಂತು.

ಮರಸಾಲು:

ಹೇಳಿ, ತಪ್ಪೇನಿಲ್ಲ. ಸಾಲಿನ ಉದ್ದ ಇಷ್ಟೊಂದು ಏರುಪೇರಾದರೆ ಅದನ್ನು ಛಂದಸ್ಸು ಅನ್ನುವುದಕ್ಕೆ ಆಗುವುದಿಲ್ಲ. 2 ಅಕ್ಷರದ ಸಾಲು ಒಂದು, 9 ಅಕ್ಷರದ್ದು ಒಂದು. ಕವಿಗೆ ಬೇಕಾದಲ್ಲಿ ಸಾಲು ಮುರಿದಿದ್ದಾನೆ, ಕೊನೆಯಲ್ಲಿ ಪ್ರಾಸ ಕೂಡಿಸಿದ್ದಾನೆ. ಕವಿ ದೊಡ್ಡವನು ಅಂತ ನಾವು ಇಲ್ಲದ್ದನ್ನೆಲ್ಲ ಹುಡುಕುತ್ತೇವೆ.

ಲಘುಗುರು:

ನಡುಮನೆಯವರೇ, ನೀವು ಅಳೆದ ಕೋಲು ಬೇರೆ, ಅಳೆಯಬೇಕಾದ ಕೋಲು ಬೇರೆ. ಕನ್ನಡದಲ್ಲಿ ಗುರು ಅಂದರೆ ಹೊತ್ತು. ಎರಡು ಮಾತ್ರೆ ಹಿಡಿದರೆ ಗುರು, ಒಂದು ಹಿಡಿದರೆ ಲಘು. ಜರ್ಮನ್‌ನಲ್ಲಿ ಎಣಿಸುವುದು ಒತ್ತನ್ನು. ಪದದ ಯಾವ ಅಕ್ಷರದ ಮೇಲೆ ದನಿಯ ಭಾರ ಬೀಳುತ್ತದೆ ಅನ್ನುವುದಷ್ಟೇ ಲೆಕ್ಕ. ಆ ಭಾರ ಬೀಳುವ ಜಾಗ ಭಾಷೆಯಲ್ಲೇ ಗಟ್ಟಿಯಾಗಿದೆ, ಕವಿ ಅದನ್ನು ಅಲುಗಾಡಿಸುವ ಹಾಗಿಲ್ಲ.

ಒತ್ತು ಬಿದ್ದಲ್ಲಿ 'ಧಂ', ಬೀಳದ ಕಡೆ 'ತ' ಅಂತ ಇಟ್ಟುಕೊಳ್ಳಿ. ತೊಡೆ ತಟ್ಟಿಕೊಂಡು ಓದಿ.

ಮೊದಲ ಸಾಲು: ಧಂತ ಧಂತ ಧಂತ.
ಎರಡು: ತಧಂ.
ಮೂರು: ತಧಂ ತಧಂ ತ.
ನಾಲ್ಕು: ಧಂತಧಂ.

ಇಲ್ಲಿಯವರೆಗೆ ಒಂದು ಭಾರ, ಒಂದು ಹಗುರ. ಎರಡೆರಡರ ನಡೆ, ಮನುಷ್ಯ ನಡೆಯುವ ಹಾಗೆ. ಈಗ ಮುಂದೆ ನೋಡಿ.

ಐದು: ಧಂತತ ಧಂ.
ಆರು: ತ ಧಂತತ ಧಂತತ ಧಂತ.
ಏಳು: ಧಂತತ ಧಂತ.
ಎಂಟು: ಧಂತತ ಧಂ.

ಐದನೇ ಸಾಲಿನಿಂದ ನಡೆ ಬದಲಾಯಿತು. ಒಂದು ಭಾರಕ್ಕೆ ಎರಡು ಹಗುರ. ಮೂರು ಮೂರರ ತೂಗಾಟ. ಪ್ರಾಸವೂ ಅಲ್ಲೇ ಬದಲಾಗುತ್ತದೆ. ಮೊದಲ ನಾಲ್ಕು ಸಾಲಿನಲ್ಲಿ ಒಂದು ಬಿಟ್ಟು ಒಂದು: ಗಿಪ್ಫೆಲ್ನ್-ವಿಪ್ಫೆಲ್ನ್, ರೂ-ಡೂ. ಕೊನೆಯ ನಾಲ್ಕರಲ್ಲಿ ಅಪ್ಪಿಕೊಂಡ ಹಾಗೆ: ಹೊರಗೆ ಹೌಖ್-ಔಖ್, ಒಳಗೆ ವಾಲ್ಡೆ-ಬಾಲ್ಡೆ. ಇಷ್ಟು ಕರಾರುವಾಕ್ಕಾಗಿ ಕೆಲಸ ಮಾಡಿದ್ದನ್ನು ಗದ್ಯ ಅನ್ನುವುದು ಸರಿಯಲ್ಲ.

ನಡುಮನೆ:

ಮೇಷ್ಟ್ರೇ, ಈಗ ತೊಡೆ ತಟ್ಟಿಕೊಂಡು ನಾಲ್ಕು ಸಲ ಓದಿದೆ. ಐದನೇ ಸಾಲಿನಲ್ಲಿ ಕೈ ತಾನಾಗಿಯೇ ನಿಧಾನ ಆಗುತ್ತದೆ! ಇದನ್ನು ನಾನು ಗಮನಿಸಿರಲೇ ಇಲ್ಲ.

ಮರಸಾಲು:

ನಾಲ್ಕನೇ ಸಾಲಿಗೆ ಧಂತಧಂ ಅಂತ ಹಾಕಿದ್ದೀರಿ. 'ಡೂ' ಮೇಲೆ ಅಷ್ಟು ಒತ್ತು ಎಲ್ಲಿದೆ? 'ಷ್ಪ್ಯೂರೆಸ್ಟ್ ಡೂ' ಅಂತ ಮಾತಾಡುವಾಗ ಡೂ ಸಣ್ಣಗೆ ಜಾರಿ ಹೋಗುತ್ತದೆ. ನಿಮ್ಮ ಲೆಕ್ಕಕ್ಕೆ ಬೇಕು ಅಂತ ಧಂ ಹಾಕಿದ ಹಾಗಿದೆ.

ತುಂಗಾತೀರ:

ಮರಸಾಲು ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಬಿಡಿಯಾಗಿ ಮಾತಾಡುವಾಗ 'ಡೂ' ಹಗುರವೇ. ಆದರೆ ಇಲ್ಲಿ ಅದು ಸಾಲಿನ ತುದಿಯಲ್ಲಿದೆ, ಮೇಲಿನ 'ರೂ' ಜೊತೆ ಪ್ರಾಸ ಹಿಡಿಯುತ್ತದೆ. ಕಿವಿ ಆ ಪ್ರಾಸಕ್ಕೆ ಕಾಯುತ್ತಾ ಇರುತ್ತದೆ. ಹಾಗಾಗಿ ಸ್ವಲ್ಪ ಭಾರ ತಾನಾಗಿಯೇ ಬೀಳುತ್ತದೆ. ನಾನು ಹದಿನಾಲ್ಕು ವರ್ಷದಿಂದ ಜರ್ಮನ್ ಪಾಠ ಮಾಡುತ್ತಿದ್ದೇನೆ. ಮಕ್ಕಳಿಗೆ ಹೇಳಿಕೊಡದೇ ಇದ್ದರೂ ಅವರು ಅಲ್ಲಿ ಒಂದು ಗಳಿಗೆ ನಿಲ್ಲುತ್ತಾರೆ.

ಇನ್ನೊಂದು ಮಾತು. ಆ ನಿಲುಗಡೆಯಲ್ಲಿ ವಾಕ್ಯ ಮುಗಿದಿರುವುದಿಲ್ಲ. 'ನಿನಗೆ ತಿಳಿಯುತ್ತದೆ' ಅಂತ ಸಾಲು ನಿಂತಿತು. ಏನು ತಿಳಿಯುತ್ತದೆ? ಮುಂದಿನ ಸಾಲಿನ ಮೊದಲ ಪದ 'ಕೌಮ್'. ಇಲ್ಲವೆನ್ನುವಷ್ಟು ಕಡಿಮೆ, ಅಂತ. ಪ್ರಾಸ ಒಂದು ಕಡೆ ಮುಗಿಯುತ್ತದೆ, ವಾಕ್ಯ ಅದನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಎರಡು ಭಾಗಕ್ಕೂ ಹೊಲಿಗೆ ಬಿದ್ದಿರುವುದು ಅಲ್ಲೇ. ನಡುಮನೆಯವರೇ, ನಿಮ್ಮ ಐದು ನಿಮಿಷದಲ್ಲಿ ಒಂದು ನಿಮಿಷ ಇದಕ್ಕೇ ಇಡಿ.

ತಂಬೂರಿ:

ಷೂಬರ್ಟ್ ಇದಕ್ಕೆ ರಾಗ ಹಾಕಿದ್ದಾನೆ. ಕೇಳಿದ್ದೀರಾ? ಪಿಯಾನೋ ಜೊತೆ ಒಬ್ಬರೇ ಹಾಡುವಂಥದ್ದು, ತುಂಬ ಚಿಕ್ಕದು. ಅದನ್ನು ಕೇಳಿದರೆ ಲಯದ ಪ್ರಶ್ನೆಯೇ ಉಳಿಯುವುದಿಲ್ಲ.

ಲಘುಗುರು:

ತಂಬೂರಿಯವರೇ, ಹಾಡು ಕೇಳಿದ್ದೇನೆ, ಪ್ರೀತಿಯೂ ಇದೆ. ಆದರೆ ಕವಿತೆಯ ಲಯಕ್ಕೆ ಅದನ್ನು ಸಾಕ್ಷಿ ಮಾಡಬೇಡಿ. ಷೂಬರ್ಟ್ 'ಷ್ವೈಗೆನ್' ಅನ್ನುವುದನ್ನು ಎರಡು ಸಲ ಹಾಡಿಸುತ್ತಾನೆ. 'ವಾರ್ಟೆ ನೂರ್' ಕೂಡ ಎರಡೆರಡು ಸಲ. ಕೊನೆಯ ಭಾಗ ಪೂರ್ತಿ ಮತ್ತೆ ಬರುತ್ತದೆ. ಅದೆಲ್ಲ ಗಯಟೆ ಬರೆದದ್ದಲ್ಲ.

ತಂಬೂರಿ:

ಒಪ್ಪುತ್ತೇನೆ. ಆದರೆ ಯಾಕೆ ಆ ಪದಗಳನ್ನೇ ಮತ್ತೆ ಹಾಡಿಸಿದ ಅಂತ ಯೋಚಿಸಿ. ನಾವು ಕೀರ್ತನೆ ಹಾಡುವಾಗ ಪಲ್ಲವಿಯನ್ನು ಸುಮ್ನೆ ಹತ್ತು ಸಲ ಹಾಡುವುದಿಲ್ಲ. ಮತ್ತೆ ಮತ್ತೆ ಕೇಳಬೇಕು ಅನ್ನಿಸುವ ಮಾತು ಅದರಲ್ಲಿ ಇರುತ್ತದೆ. 'ತಾಳು' ಅನ್ನುವ ಮಾತನ್ನು ಒಂದೇ ಸಲ ಹೇಳಿ ಯಾರನ್ನೂ ಸಮಾಧಾನ ಮಾಡುವುದಕ್ಕೆ ಆಗುವುದಿಲ್ಲ. ಷೂಬರ್ಟ್‌ಗೆ ಅದು ಗೊತ್ತಿತ್ತು.

ಮರಸಾಲು:

ಇದೇ ನೋಡಿ. ಗಯಟೆ ಒಂದೇ ಸಲ ಹೇಳಿದ್ದಾನೆ, ಅದು ಸಾಕಾಗಲಿಲ್ಲ ಅಂತ ಇನ್ನೊಬ್ಬ ಸೇರಿಸಿದ. ಪುನರುಕ್ತಿ ಬೇಕು ಅಂದರೆ ಅದೇ ಗಯಟೆಯ 'ಹೈಡನ್‌ರ್ಯೋಸ್ಲೈನ್' ತೆಗೆದುಕೊಳ್ಳಿ. ಬಯಲಿನ ಗುಲಾಬಿಯ ಹಾಡು. ಮೂರು ಚರಣಕ್ಕೂ ಕೊನೆಯಲ್ಲಿ 'ರ್ಯೋಸ್ಲೈನ್, ರ್ಯೋಸ್ಲೈನ್, ರ್ಯೋಸ್ಲೈನ್ ರೋಟ್' ಅಂತ ಬಂದೇ ಬರುತ್ತದೆ. ಮಕ್ಕಳಿಗೂ ಬಾಯಿಗೆ ಹತ್ತುತ್ತದೆ. ತರಗತಿಗೆ ಅದು ಸುಲಭ, ತೋರಿಸುವುದಕ್ಕೂ ಬೇಕಾದಷ್ಟಿದೆ. ಈ ಎಂಟು ಸಾಲಿನಲ್ಲಿ ಮತ್ತೆ ಬರುವುದು ಏನಿದೆ?

ತುಂಗಾತೀರ:

ಬೇಕಾದಷ್ಟಿದೆ. ಮೊದಲ ಸಾಲಿನಲ್ಲಿ 'ಆಲೆನ್', ಮೂರನೇ ಸಾಲಿನಲ್ಲಿ ಮತ್ತೆ 'ಆಲೆನ್'. ನಾಲ್ಕನೇ ಸಾಲಿನಲ್ಲಿ 'ಡೂ', ಎಂಟನೇ ಸಾಲಿನಲ್ಲಿ ಮತ್ತೆ 'ಡೂ'. ಎರಡನೇ ಸಾಲಿನಲ್ಲಿ 'ರೂ', ಕೊನೆಯ ಸಾಲಿನ ಮೊದಲ ಪದ 'ರೂಎಸ್ಟ್'. ಮೊದಲು ಅದು ನಾಮಪದ, ಬೆಟ್ಟದ ಮೇಲೆ ಸುಮ್ಮನೆ ಇದೆ. ಕೊನೆಗೆ ಅದೇ ಕ್ರಿಯಾಪದ ಆಗಿ ನಿನ್ನ ಹತ್ತಿರ ಬರುತ್ತದೆ. ಬೆಟ್ಟದ ತುದಿ, ಮರದ ತುದಿ, ಹಕ್ಕಿ, ಮನುಷ್ಯ. ಮೇಲಿನಿಂದ ಇಳಿದು ಇಳಿದು ಓದುವವನ ಎದೆಗೇ ಬಂತು.

ಗುಲಾಬಿಯ ಹಾಡಿನ ಪುನರುಕ್ತಿ ಎದುರಿಗೆ ನಿಂತು ಕುಣಿಯುವಂಥದ್ದು. ಅದಕ್ಕೆ ಅದು ಸರಿ. ಇದು ಗೋಡೆಯೊಳಗಿನ ಕಲ್ಲಿನ ಹಾಗೆ. ಕಾಣುವುದಿಲ್ಲ, ತೆಗೆದರೆ ಗೋಡೆ ಬೀಳುತ್ತದೆ.

ಸಂಜೆಮಲ್ಲಿಗೆ:

ಆ 'ಊ' ಸ್ವರವನ್ನು ಯಾರೂ ಹೇಳಲಿಲ್ಲ. ರೂ, ಡೂ, ನೂರ್, ರೂಎಸ್ಟ್, ಡೂ. ಊ ಅಂದರೇನೇ ಶಾಂತ ಅಲ್ವಾ? ಮಗು ಮಲಗಿಸುವಾಗಲೂ ಹಾಗೇ ಅನ್ನುತ್ತೇವೆ.

ಮರಸಾಲು:

ಇದನ್ನು ಮಾತ್ರ ಒಪ್ಪಲಾರೆ. ಜರ್ಮನ್‌ನಲ್ಲಿ 'ವೂಟ್' ಅಂದರೆ ಕೆಟ್ಟ ಸಿಟ್ಟು. ಅದರಲ್ಲೂ ಇದೇ ಊ ಇದೆ. 'ಉನ್‌ರೂ' ಅಂದರೆ ನೆಮ್ಮದಿ ಇಲ್ಲದಿರುವುದು, ಅದರಲ್ಲಿ ಈ 'ರೂ' ಪೂರ್ತಿಯಾಗಿ ಕೂತಿದೆ. ಸ್ವರಕ್ಕೆ ತನ್ನದೇ ಅರ್ಥ ಇದ್ದಿದ್ದರೆ ಆ ಪದಗಳು ಬೇರೆ ಥರ ಇರಬೇಕಿತ್ತು.

ಲಘುಗುರು:

ಇಲ್ಲಿ ಮರಸಾಲು ಅವರ ಪಕ್ಷ ನನ್ನದು. ಸ್ವರಕ್ಕೆ ಅರ್ಥ ಇಲ್ಲ. ಆದರೆ ಕವಿತೆಯೊಳಗೆ ಅದಕ್ಕೆ ಅರ್ಥ ಬರುತ್ತದೆ. ಎರಡನೇ ಸಾಲಿನಲ್ಲಿ 'ರೂ' ಅಂತ ನೆಮ್ಮದಿಯ ಪದ ಒಂಟಿಯಾಗಿ ನಿಲ್ಲುತ್ತದೆ. ಮುಂದೆ ಅದೇ ಸ್ವರ ಬಂದಾಗೆಲ್ಲ ಕಿವಿಗೆ ಆ ಪದದ ನೆನಪು. ಹಾಗಾಗಿ 'ಊ' ತಾನಾಗಿ ಶಾಂತವಲ್ಲ, ಈ ಕವಿತೆ ಅದನ್ನು ಶಾಂತ ಮಾಡಿದೆ.

ಮರಸಾಲು:

ಇದಾದರೆ ಒಪ್ಪಬಹುದು.

ಗುಡ್ಡದ_ಹಾದಿ:

ನಾನು ಜರ್ಮನಿಯ ಯೇನಾ ಊರಿನಲ್ಲಿ ಇರುವುದು. ಆ ಬೆಟ್ಟಕ್ಕೆ ಎರಡು ಸಲ ಹೋಗಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ಬೆಟ್ಟದ ಹೆಸರು ಕಿಕಲ್‌ಹಾನ್. ತ್ಯೂರಿಂಗಿಯಾದ ಇಲ್ಮೆನೌ ಪಕ್ಕ, ಎತ್ತರ 861 ಮೀಟರ್. ಗಯಟೆ ಆಗ ವೈಮಾರ್ ಸಂಸ್ಥಾನದ ಮಂತ್ರಿ. 1780ರ ಸೆಪ್ಟೆಂಬರ್ 6ರ ರಾತ್ರಿ ಅಲ್ಲಿನ ಬೇಟೆಗಾರರ ಮರದ ಗುಡಿಸಲಿನಲ್ಲಿ ತಂಗಿದ್ದ. ಈ ಸಾಲುಗಳನ್ನು ಬರೆದದ್ದು ಆ ಗುಡಿಸಲಿನ ಹಲಗೆ ಗೋಡೆಯ ಮೇಲೆ. ಆ ಗುಡಿಸಲು 1870ರಲ್ಲಿ ಬೆಂಕಿಗೆ ಸಿಕ್ಕಿ ಹೋಯಿತು. ಈಗ ಇರುವುದು 1874ರಲ್ಲಿ ಮತ್ತೆ ಕಟ್ಟಿದ್ದು.

ಮೊದಲ ಸಲ ಹೋದಾಗ ಮಧ್ಯಾಹ್ನ, ಜನ ಜಾಸ್ತಿ ಇದ್ದರು. ಎರಡನೇ ಸಲ ಅಕ್ಟೋಬರ್, ಸಂಜೆ. ಸ್ಪ್ರೂಸ್ ಮರಗಳ ಮಧ್ಯೆ ಹತ್ತಿಕೊಂಡು ಹೋದೆ. ಗುಡಿಸಲಿನ ಮುಂದೆ ನಿಂತಾಗ ನನ್ನ ಏದುಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಎರಡು ಮೂರು ನಿಮಿಷ ಕಳೆದ ಮೇಲೆ ಅದೂ ಇಳಿಯಿತು. 'ಹೌಖ್' ಅನ್ನುವ ಪದದ ಅರ್ಥ ನನಗೆ ಆಗ ತಿಳಿಯಿತು. ಗಾಳಿ ಅಲ್ಲ ಅದು. ಕನ್ನಡಿಯ ಮೇಲೆ ಬಾಯಿಂದ ಬಿಟ್ಟರೆ ಮಂಜು ಕೂರುತ್ತಲ್ಲ, ಅಷ್ಟು. ಪದವನ್ನು ಹೇಳಿದರೂ ಅದೇ ಉಸಿರು ಹೊರಗೆ ಬರುತ್ತದೆ.

ಸಂಜೆಮಲ್ಲಿಗೆ:

ಸಾಯುವ ಮುಂಚೆ ಬರೆದದ್ದು ಅಂತ ಎಲ್ಲೋ ಓದಿದ್ದೆ?

ಗುಡ್ಡದ_ಹಾದಿ:

ಇಲ್ಲ. ಬರೆದಾಗ ವಯಸ್ಸು 31. ಎರಡು ಘಟನೆ ಸೇರಿಹೋಗಿರಬೇಕು. 1831ರ ಆಗಸ್ಟ್ 27ರಂದು, ಅಂದರೆ 82ನೇ ಹುಟ್ಟುಹಬ್ಬದ ಹಿಂದಿನ ದಿನ, ಗಯಟೆ ಮತ್ತೆ ಆ ಗುಡಿಸಲಿಗೆ ಹತ್ತಿದ್ದ. ಜೊತೆಗಿದ್ದವರು ಗಣಿ ಅಧಿಕಾರಿ ಮಾರ್. ಅವರು ಬರೆದಿಟ್ಟ ಪ್ರಕಾರ, ಗಯಟೆ ಗೋಡೆಯ ಮೇಲಿನ ತನ್ನದೇ ಬರಹ ಓದಿ ಕಣ್ಣೀರು ಹಾಕಿದ. ಕೊನೆಯ ಎರಡು ಸಾಲನ್ನು ಬಾಯಿಬಿಟ್ಟು ಹೇಳಿದ. ಮುಂದಿನ ಮಾರ್ಚ್ 22ಕ್ಕೆ ತೀರಿಕೊಂಡ.

ತಂಬೂರಿ:

ಅಂದರೆ ಆ ಸಾಲನ್ನು ಮೊದಲು ಎರಡನೇ ಸಲ ಹೇಳಿದವನು ಷೂಬರ್ಟ್ ಇರಬಹುದು. ಆದರೆ ಬರೆದವನೂ 51 ವರ್ಷ ಆದ ಮೇಲೆ ಮತ್ತೆ ಹೇಳಿದ! ಪುನರುಕ್ತಿ ಬೇಡ ಅಂದವರಿಗೆ ಇನ್ನೇನು ಬೇಕು.

ತುಂಗಾತೀರ:

ಇನ್ನೂ ಒಂದು ಇದೆ. 1815ರಲ್ಲಿ ಗಯಟೆ ತನ್ನ ಕೃತಿಗಳ ಸಂಪುಟದಲ್ಲಿ ಇದನ್ನು ಅಚ್ಚು ಹಾಕಿಸಿದಾಗ ಕೊಟ್ಟ ಶೀರ್ಷಿಕೆ 'ಐನ್ ಗ್ಲೈಖೆಸ್'. ಅದೇ ಥರದ್ದು ಇನ್ನೊಂದು, ಅಂತ. ಯಾಕೆಂದರೆ ಅದಕ್ಕಿಂತ ಮೊದಲು 1776ರಲ್ಲಿ ಬರೆದ ಇನ್ನೊಂದು 'ದಾರಿಹೋಕನ ಇರುಳ ಹಾಡು' ಇತ್ತು. ಪುಟದಲ್ಲಿ ಅದರ ಪಕ್ಕವೇ ಇದನ್ನು ಇಟ್ಟ. ಶೀರ್ಷಿಕೆಯೇ 'ಮತ್ತೊಮ್ಮೆ' ಅನ್ನುತ್ತದೆ.

ನಡುಮನೆ:

ಇವತ್ತು ಆಫೀಸಿನ ಕ್ಯಾಬ್‌ನಲ್ಲಿ ಕೂತು ಇದನ್ನೆಲ್ಲ ಓದಿದೆ. ತುಂಬ ಖುಷಿಯಾಯಿತು. ಇನ್ನೊಂದು ಅನುಮಾನ. ನಮಗೆ ತರಗತಿಯಲ್ಲಿ ಕಲಿಸಿದ್ದು 'ಷ್ಪ್ಯೂರ್ಸ್ಟ್', 'ರೂಸ್ಟ್', 'ಬಾಲ್ಡ್', 'ಇಮ್ ವಾಲ್ಡ್'. ಕವಿತೆಯಲ್ಲಿ ಎಲ್ಲದಕ್ಕೂ ಒಂದು 'ಎ' ಸೇರಿದೆ. ಷ್ಪ್ಯೂರೆಸ್ಟ್, ರೂಎಸ್ಟ್, ಬಾಲ್ಡೆ, ವಾಲ್ಡೆ. ಇದು ಹಳೆಯ ಭಾಷೆ ಅಂತಲಾ?

ಹೊಂಗೆನೆರಳು:

ಪ್ರಾಸಕ್ಕೋಸ್ಕರ ಸೇರಿಸಿದ್ದು. ವಾಲ್ಡೆ-ಬಾಲ್ಡೆ ಕೂಡಬೇಕಲ್ಲ.

ಲಘುಗುರು:

ಹೊಂಗೆನೆರಳು, ಅಲ್ಲೇ ಒಂದು ನಿಮಿಷ ನಿಲ್ಲಿ. 'ಎ' ತೆಗೆದು ನೋಡಿ. ವಾಲ್ಡ್, ಬಾಲ್ಡ್. ಪ್ರಾಸ ಇದ್ದೇ ಇದೆ! ಹಾಗಾಗಿ ಪ್ರಾಸಕ್ಕೆ ಆ 'ಎ' ಬೇಕಿರಲಿಲ್ಲ. 'ಇಮ್ ವಾಲ್ಡೆ' ಅನ್ನುವುದು ಆ ಕಾಲದ ಬರವಣಿಗೆಯಲ್ಲಿ ಸಾಮಾನ್ಯ, ಅದು ನಿಜ. ಆದರೂ ಎರಡೂ ರೂಪ ಕವಿಯ ಕೈಯಲ್ಲಿ ಇದ್ದವು. ಯಾವುದನ್ನು ಎಲ್ಲಿಡಬೇಕು ಅಂತ ಅವನು ಆರಿಸಿದ.

ಈಗ ಎಲ್ಲ 'ಎ'ಗಳನ್ನೂ ಕಿತ್ತು ಓದಿ. 'ದೀ ಫ್ಯೋಗ್ಲೈನ್ ಷ್ವೈಗೆನ್ ಇಮ್ ವಾಲ್ಡ್. ವಾರ್ಟೆ ನೂರ್, ಬಾಲ್ಡ್ ರೂಸ್ಟ್ ಡೂ ಔಖ್.' ಏನಾಯಿತು? 'ಬಾಲ್ಡ್' ಆದ ಕೂಡಲೇ 'ರೂಸ್ಟ್' ಬಂದು ಡಿಕ್ಕಿ ಹೊಡೆಯುತ್ತದೆ. ಎರಡು ಧಂ ಪಕ್ಕ ಪಕ್ಕ. ತೂಗುವ ತೊಟ್ಟಿಲಿಗೆ ಯಾರೋ ಕೈ ಅಡ್ಡ ಹಾಕಿದ ಹಾಗೆ.

ಕೊನೆಯ ಸಾಲು ನೋಡಿ. 'ರೂಎಸ್ಟ್ ಡೂ ಔಖ್' ಅಂದರೆ ಧಂತತಧಂ. ಐದನೇ ಸಾಲು 'ಕೌಮ್ ಐನೆನ್ ಹೌಖ್', ಅದೂ ಧಂತತಧಂ. ಪ್ರಾಸದಲ್ಲಿ ಜೋಡಿಯಾದ ಎರಡು ಸಾಲು ಒತ್ತಿನಲ್ಲೂ ಜೋಡಿ, ಅಕ್ಷರದ ಎಣಿಕೆಯಲ್ಲೂ ಜೋಡಿ, 4 ಮತ್ತು 4. ಆ 'ಎ' ತೆಗೆದರೆ 'ರೂಸ್ಟ್ ಡೂ ಔಖ್', ಮೂರೇ ಅಕ್ಷರ. ಜೋಡಿ ಮುರಿಯಿತು. ಒಂದು ಸಣ್ಣ ಸ್ವರದ ಮೇಲೆ ಇಡೀ ಕೊನೆ ನಿಂತಿದೆ.

ನಮ್ಮ ಕವಿಗಳೂ ಇದನ್ನೇ ಮಾಡುತ್ತಾರಲ್ಲ. 'ಬಂತು' ಇರುವಾಗ 'ಬಂದಿತು', 'ಇದೆ' ಇರುವಾಗ 'ಇಹುದು'. ಗಣ ತುಂಬಿಸುವುದಕ್ಕೆ ಅಂತ ನಾವು ಪಾಠದಲ್ಲಿ ಹೇಳಿ ಮುಗಿಸುತ್ತೇವೆ. ಒಳ್ಳೆಯ ಕವಿಯ ಕೈಯಲ್ಲಿ ಅದು ತುಂಬಿಸುವ ಕೆಲಸ ಅಲ್ಲ.

ಮರಸಾಲು:

ಐದು ಮತ್ತು ಎಂಟು ಹೊಂದುವುದನ್ನು ಈಗ ತಟ್ಟಿ ನೋಡಿದೆ. ಹೌದು. ಛಂದಸ್ಸು ಇಲ್ಲ ಅಂದ ನನ್ನ ಮಾತು ವಾಪಸ್. ಆದರೆ ಹೆಸರಿಡುವ ಛಂದಸ್ಸು ಇದಲ್ಲ. ಇದನ್ನು ಇನ್ನೊಬ್ಬ ತೆಗೆದುಕೊಂಡು ಬೇರೆ ಕವಿತೆ ಬರೆಯುವುದಕ್ಕೆ ಆಗುವುದಿಲ್ಲ. ಭಾಮಿನಿಯಲ್ಲಿ ಯಾರು ಬೇಕಾದರೂ ಬರೆಯಬಹುದು.

ಲಘುಗುರು:

ಇದು ಒಳ್ಳೆಯ ಮಾತು. ಹೌದು, ಇದು ಒಂದೇ ಸಲ ಹೊಲಿದ ಅಂಗಿ.

ಕಡಲಮಗ:

ಸ್ವಲ್ಪ ದಾರಿ ತಪ್ಪಿಸುತ್ತೇನೆ, ಬೇಜಾರಾಗಬೇಡಿ. ಜರ್ಮನ್ ಕವಿತೆಯನ್ನು ನಾವು ತ-ಧಂ ಹಾಕಿ ಎಣಿಸುತ್ತಿದ್ದೇವೆ. ಇದರ ಉಲ್ಟಾ ಕೆಲಸ ನಮ್ಮ ಮಂಗಳೂರಿನಲ್ಲಿ ಆಗಿತ್ತು. ಕಿಟೆಲ್ ಅಂದರೆ ಎಲ್ಲರಿಗೂ 1894ರ ನಿಘಂಟು ನೆನಪಾಗುತ್ತದೆ. ಅದಕ್ಕೂ ಮೊದಲು, 1875ರಲ್ಲಿ, ನಾಗವರ್ಮನ ಛಂದಸ್ಸಿನ ಗ್ರಂಥ 'ಛಂದೋಂಬುಧಿ'ಯನ್ನು ಸಂಪಾದಿಸಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚು ಹಾಕಿಸಿದವರೂ ಅವರೇ. ಒತ್ತಿನ ಭಾಷೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ ಕೂತು ನಮ್ಮ ಲಘು ಗುರು, ಗಣ, ಪ್ರಾಸ ಎಲ್ಲ ಬಿಡಿಸಿ ನೋಡಿದ. ಆ ಕಿವಿಗೆ ಇದು ಎಷ್ಟು ಹೊಸದು ಅನ್ನಿಸಿರಬೇಕು!

ತುಂಗಾತೀರ:

ದಾರಿ ತಪ್ಪಿಲ್ಲ, ಸರಿಯಾದ ಜಾಗಕ್ಕೇ ಬಂದಿರಿ. ಪ್ರಾಸದ ವಿಷಯದಲ್ಲಿ ಎರಡೂ ಭಾಷೆ ಎದುರು ಬದುರು. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ. ಸಾಲು ಶುರುವಾದ ಕೂಡಲೇ ಪ್ರಾಸದ ಲೆಕ್ಕ ಮುಗಿದಿರುತ್ತದೆ. ಜರ್ಮನ್‌ನಲ್ಲಿ ಸಾಲಿನ ಕೊನೆಯವರೆಗೂ ಕಾಯಬೇಕು. 'ವಾರ್ಟೆ', ಕಾಯಿ, ಅನ್ನುವ ಪದ ಈ ಕವಿತೆಯಲ್ಲೇ ಇದೆ. ಕಾಯಿಸುವ ಪ್ರಾಸದಲ್ಲಿ ಕಾಯುವ ಮಾತು.

ಹೊಂಗೆನೆರಳು:

ನಿನ್ನೆ ರಾತ್ರಿ ಕನ್ನಡ ಮಾಡಲು ಕೂತೆ. ಗಿಪ್ಫೆಲ್-ವಿಪ್ಫೆಲ್ ಜೋಡಿಯೇ ದೊಡ್ಡ ತಲೆನೋವು. ಒಂದೇ ವ್ಯಂಜನ ಬದಲಾದರೆ ಬೆಟ್ಟದ ತುದಿ ಹೋಗಿ ಮರದ ತುದಿ ಆಗುತ್ತದೆ. ಕನ್ನಡದಲ್ಲಿ ಅಂಥದ್ದು ಏನಿದೆ ಅಂತ ಯೋಚಿಸುತ್ತಾ ಇದ್ದಾಗ 'ಮಲೆ' ಮತ್ತು 'ಎಲೆ' ಹೊಳೆಯಿತು.

ಎಲ್ಲ ಮಲೆಗಳ ಮೇಲೆ
ಮೌನ;
ಎಲ್ಲ ಎಲೆಗಳ ಮೇಲೆ
ಉಸಿರೂ ಕ್ಷೀಣ.
ಕಾಡಲ್ಲಿ ಹಕ್ಕಿಯ ಸದ್ದಿಲ್ಲ.
ತಾಳು, ಇನ್ನೇನು
ಮಲಗುವೆ ನೀನೂ.

ಒಂದು ಸಾಲು ಕಡಿಮೆ ಬಿತ್ತು. ಹೇಗಿದೆ ಹೇಳಿ.

ಲಘುಗುರು:

ಮಲೆ-ಎಲೆ ಬಹಳ ಚೆನ್ನಾಗಿದೆ. ನಿಜವಾಗಿ. 'ಮೌನ-ಕ್ಷೀಣ' ಪ್ರಾಸವಲ್ಲ, ಒಂದು 'ನ', ಒಂದು 'ಣ'.

ತುಂಗಾತೀರ:

ಮೇಷ್ಟ್ರೇ, ಅಷ್ಟು ಬಿಗಿ ಬೇಡ. ಗಯಟೆಯೇ 'ಫೌಸ್ಟ್' ನಾಟಕದಲ್ಲಿ 'ನೈಗೆ' ಜೊತೆ 'ಷ್ಮೆರ್ಟ್ಸೆನ್‌ರೈಖೆ' ಕೂಡಿಸಿದ್ದಾನೆ. ಒಂದು 'ಗ', ಒಂದು 'ಖ'. ಅವನು ಫ್ರಾಂಕ್‌ಫರ್ಟ್‌ನವನು, ಆ ಕಡೆಯ ಬಾಯಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ಪ್ರಾಸ ಇರುವುದು ಬಾಯಲ್ಲಿ.

ನನ್ನ ತಕರಾರು ಬೇರೆ. ಕೊನೆಯಲ್ಲಿ 'ಮಲಗುವೆ' ಅಂದುಬಿಟ್ಟರೆ ಎರಡನೇ ಸಾಲಿನ 'ರೂ' ಮತ್ತೆ ಬರಲಿಲ್ಲ. ಬೆಟ್ಟಕ್ಕೆ ಇರುವುದೇ ನಿನಗೂ ಸಿಗುತ್ತದೆ ಅನ್ನುವುದು ಕವಿತೆಯ ಜೀವ. ಒಂದೇ ಧಾತು ಎರಡೂ ಕಡೆ ಬರಲೇಬೇಕು. ಮತ್ತೆ, ನಾಲ್ಕನೇ ಸಾಲಿನಲ್ಲಿ 'ನೀನು' ಇಲ್ಲ. ಅಲ್ಲಿ ಇಲ್ಲದೇ ಇದ್ದರೆ ಕೊನೆಗೆ 'ನೀನೂ' ಅಂದಾಗ ಯಾರೋ ಹೊಸಬರು ಬಂದ ಹಾಗಾಗುತ್ತದೆ.

ತಂಬೂರಿ:

'ಮಲಗುವೆ' ಅಂದರೆ ಇನ್ನೊಂದು ತೊಂದರೆ. ಇದು ಬರೀ ನಿದ್ದೆಯಾ, ಸಾವಾ ಅನ್ನುವುದು ಮುಚ್ಚಿಹೋಗುತ್ತದೆ. ಮೂಲದಲ್ಲಿ ಎರಡೂ ಇದೆ.

ಮರಸಾಲು:

ಸಾವು ಅಂತ ಎಲ್ಲೂ ಬರೆದಿಲ್ಲ. ನಡೆದು ದಣಿದವನಿಗೆ ಸಂಜೆಯಾಗಿದೆ, ಅಷ್ಟೇ. ಸಾವು 1831ರ ಕಥೆ ಕೇಳಿದ ಮೇಲೆ ನಾವು ತಂದದ್ದು.

ತಂಬೂರಿ:

ನಮ್ಮ ತಂದೆ ಆಸ್ಪತ್ರೆಯಲ್ಲಿದ್ದಾಗ ಕೊನೆಯ ರಾತ್ರಿ ನಾನು ಪಕ್ಕದಲ್ಲಿದ್ದೆ. ನಿದ್ದೆ ಬರುತ್ತಿರಲಿಲ್ಲ ಅವರಿಗೆ. ಕೈ ಹಿಡಿದುಕೊಂಡು 'ತಾಳಿ ಅಪ್ಪ, ಇನ್ನು ಸ್ವಲ್ಪ ಹೊತ್ತು' ಅಂತ ಹೇಳುತ್ತಿದ್ದೆ. ಯಾವುದಕ್ಕೆ ತಾಳಬೇಕು ಅಂತ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನಿದ್ದೆಗೂ ಅದೇ ಮಾತು, ಇನ್ನೊಂದಕ್ಕೂ ಅದೇ ಮಾತು. ಕವಿತೆಯಲ್ಲೂ ಹಾಗೇ ಇದೆ ಅನ್ನುವುದು ನನ್ನ ಅಭಿಪ್ರಾಯ.

ಮರಸಾಲು:

ಸರಿ. ಇದಕ್ಕೆ ನಾನು ಎದುರು ಹೇಳುವುದಿಲ್ಲ.

ಸಂಜೆಮಲ್ಲಿಗೆ:

🙏

ಗುಡ್ಡದ_ಹಾದಿ:

ಬೇರೆ ಭಾಷೆಯ ಅನುವಾದದ ಮಾತು ಬಂತು ಅಂತ ಒಂದು ವಿಷಯ. ರಷ್ಯನ್‌ಗೆ ಲೆರ್ಮೊಂಟೊವ್ ತಂದಿದ್ದಾನೆ. ಆದರೆ ಅದರಲ್ಲಿ ಸಾಲುಗಳೆಲ್ಲ ಒಂದೇ ಅಳತೆ, ಸಮನಾದ ನಡೆ. ನನಗೆ ರಷ್ಯನ್ ಗೊತ್ತಿರುವ ಸಹೋದ್ಯೋಗಿ ಓದಿ ಕೇಳಿಸಿದರು. ಇಂಪಾಗಿದೆ, ಆದರೆ ಆ ಎರಡೇ ಅಕ್ಷರದ 'ಇಸ್ಟ್ ರೂ' ಸಾಲಿನ ಮೌನ ಅದರಲ್ಲಿ ಸಿಗಲಿಲ್ಲ. ಆ ಸಾಲು ಆದ ಮೇಲೆ ಕಾಗದದ ಮೇಲೆ ಖಾಲಿ ಜಾಗ ಉಳಿಯುತ್ತದಲ್ಲ, ಅದನ್ನೂ ಕಿವಿ ಓದುತ್ತದೆ.

ಹೊಂಗೆನೆರಳು:

ತುಂಗಾತೀರ ಮೇಡಂ ಹೇಳಿದ್ದನ್ನು ಇಟ್ಟುಕೊಂಡು ಮತ್ತೆ ಬರೆದೆ. 'ರೂ'ಗೆ 'ತಣಿ' ಧಾತು ಹಿಡಿದೆ. ಬಿಸಿಲು ಇಳಿದ ಬೆಟ್ಟವೂ ತಣಿಯುತ್ತದೆ, ಮನಸ್ಸೂ ತಣಿಯುತ್ತದೆ.

ಎಲ್ಲ ಮಲೆಗಳ ಮೇಲೆ
ತಣಿವು.
ಎಲ್ಲ ಎಲೆಗಳ ಮೇಲೆ
ನಿನಗಿಲ್ಲ ಸುಳಿವು
ಒಂದುಸಿರಿನದೂ.
ಪುಟ್ಟ ಹಕ್ಕಿಗಳು ಕಾಡಲ್ಲಿ ಉಲಿಯವಿನ್ನು.
ತಾಳು, ಇನ್ನೇನು
ತಣಿವೆ ನೀನೂ.

ತುಂಗಾತೀರ:

ತಣಿವು, ತಣಿವೆ. ನಿನಗೆ, ನೀನೂ. ಎರಡೂ ಬಂತು. ಎಂಟು ಸಾಲೂ ಆಯಿತು. ಉದ್ದದ ಸಾಲು ಹಕ್ಕಿಯದ್ದೇ ಆಗಿ ಉಳಿಯಿತು. 'ತಾಳು' ಮತ್ತು 'ತಣಿವೆ' ಎರಡಕ್ಕೂ 'ತ' ಕೂತದ್ದು ನನಗೆ ಎಲ್ಲಕ್ಕಿಂತ ಹಿಡಿಸಿತು. ಆ 'ತ' ಮೂಲದಲ್ಲಿ ಇಲ್ಲ. ಕನ್ನಡ ತಾನಾಗಿ ಕೊಟ್ಟದ್ದು.

ಲಘುಗುರು:

ಒಂದು ಮತ್ತು ಮೂರನೇ ಸಾಲು ಹತ್ತು ಹತ್ತು ಮಾತ್ರೆ, ಸರಿಯಾಗಿ ಕೂತಿದೆ. ಎರಡನೇ ಸಾಲು ಮೂರೇ ಮಾತ್ರೆ. ಮೂಲದ ಹಾಗೇ ಅಲ್ಲಿ ನಿಲ್ಲಬೇಕಾಗುತ್ತದೆ. ಐದನೇ ಸಾಲಿನ 'ದೂ' ಮತ್ತು ಎಂಟನೇ ಸಾಲಿನ 'ನೂ' ಸಾಲದು, ಸ್ವರ ಮಾತ್ರ ಕೂಡಿದೆ. 'ಉಲಿಯವಿನ್ನು' ಸ್ವಲ್ಪ ಹಳೆಯ ವಾಸನೆ. ಆದರೂ ಇಟ್ಟುಕೊಳ್ಳಿ, ಗಯಟೆಯ 'ಬಾಲ್ಡೆ'ಗೂ ಅದೇ ವಾಸನೆ ಇದೆ.

ಮರಸಾಲು:

'ಎಲೆಗಳ ಮೇಲೆ' ಅಲ್ಲ, ಮರದ ತುದಿಗಳಲ್ಲಿ. ಮಲೆನಾಡಿನವನಾಗಿ ಹೇಳುತ್ತೇನೆ, ಗಾಳಿ ಇದೆಯಾ ಇಲ್ಲವಾ ಅಂತ ನಾವು ನೋಡುವುದು ಮರದ ಕುಡಿಯನ್ನು. ಕೆಳಗಿನ ಎಲೆ ಅಲ್ಲಾಡದೇ ಇದ್ದರೂ ಮೇಲಿನ ಕುಡಿ ಅಲ್ಲಾಡುತ್ತಿರುತ್ತದೆ. ಕುಡಿಯೂ ನಿಂತರೆ ಆಗ ನಿಜವಾಗಿ ಗಾಳಿ ಇಲ್ಲ. ಗಯಟೆ ಕಾಡು ನೋಡಿ ಬರೆದಿದ್ದಾನೆ. ಅದು ಹೋಗಬಾರದು.

ಹೊಂಗೆನೆರಳು:

ಈ ಮಾತು ನಾಟಿತು. 'ಕೋಡು-ಕುಡಿ' ಇಟ್ಟರೆ? ಎಲ್ಲ ಕೋಡಿನ ಮೇಲೆ, ಎಲ್ಲ ಕುಡಿಗಳ ಮೇಲೆ. ಅರ್ಥ ಸರಿಯಾಗುತ್ತದೆ, ಜೋಡಿ ಸಡಿಲವಾಗುತ್ತದೆ. ಇನ್ನೂ ಎರಡು ದಿನ ಬೇಕು ನನಗೆ.

ನಡುಮನೆ:

ಎಲ್ಲರಿಗೂ ಋಣಿ. ಕನ್ನಡದ್ದನ್ನೂ ಕೊನೆಗೆ ಓದಲಾ ಅಂತ ಟೀಚರ್‌ಗೆ ಕೇಳಿದೆ, ಓದು ಅಂದರು. ಹೊಂಗೆನೆರಳು ಅವರು ಒಪ್ಪಿದರೆ ಮಲೆ-ಎಲೆ ಇರುವುದನ್ನೇ ಓದುತ್ತೇನೆ.

ಕೊನೆಯ ಪ್ರಶ್ನೆ. ಹಕ್ಕಿಯ ಸಾಲು 9 ಅಕ್ಷರ. ಮನೆಯಲ್ಲಿ ಓದುವಾಗ 'ಷ್ವೈಗೆನ್' ಹತ್ತಿರ ನನಗೆ ಉಸಿರು ಕಟ್ಟುತ್ತದೆ, ಮಧ್ಯೆ ನಿಲ್ಲುತ್ತೇನೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು?

ಹೊಂಗೆನೆರಳು:

ಖಂಡಿತ ಓದಿ.

ತುಂಗಾತೀರ:

'ಹೌಖ್' ಹೇಳಿದ ಮೇಲೆ. ಆ ಪದದಲ್ಲಿ ಇರುವ ಉಸಿರೆಲ್ಲ ಹೊರಗೆ ಹೋಗಲಿ. ನಿಲ್ಲಿ. ಆಮೇಲೆ ಎದೆ ತುಂಬ ಎಳೆದುಕೊಂಡು ಹಕ್ಕಿಯ ಸಾಲನ್ನು ಒಂದೇ ಸಲಕ್ಕೆ ಹೇಳಿ. 'ವಾಲ್ಡೆ'ಯ 'ಎ' ನುಂಗಬೇಡಿ.

ನಡುಮನೆ:

ಹಾಗೇ ಓದಿದೆ ಈಗ. ಬಂತು.